ನಾಲಿಗೆ ಅಡಿಯ ಮಾತ್ರೆ ಏನು ಮಾಡುತ್ತದೆ? ಯಾವಾಗ ಅಪಾಯ?

ಉಡುಪಿ: ಎದೆನೋವು ಬಂದರೆ ನಾಲಿಗೆ ಅಡಿ ಇಡಲು ಡಾಕ್ಟರ್ ಬರೆದುಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ಕಾಪು, ಕಾರ್ಕಳದ ಎಷ್ಟೋ ಮನೆಗಳಲ್ಲಿದೆ. ಇದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತದೆ. ರಕ್ತನಾಳ ಸಡಿಲವಾಗಿ ಹೃದಯದ ಹೊರೆ ಇಳಿಯುತ್ತದೆ.

ರಕ್ತನಾಳಕ್ಕೆ ಸಂದೇಶ ಕೊಡುವುದು ಈ ಅನಿಲವೇ ಎಂದು ತೋರಿಸಿದ ಅಮೆರಿಕದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು.

ದೇಹದಲ್ಲಿ ಈ ಅನಿಲ ಉಳಿಯೋದು ಕೆಲವೇ ಸೆಕೆಂಡ್. ಹಾಗಾಗಿ ಸಂಶೋಧನೆ ಮಾಡುವ ಲ್ಯಾಬ್‌ಗಳಲ್ಲಿ ನೇರ ಅನಿಲದ ಬದಲು, ಅದನ್ನು ಬಿಡುಗಡೆ ಮಾಡುವ 'ಡೋನರ್' ರಾಸಾಯನಿಕ ಬಳಸ್ತಾರೆ. ಸೋಡಿಯಂ ನೈಟ್ರೋಪ್ರಸೈಡ್ ಅಂಥದ್ದೊಂದು. ಬೆಳಕು ಬಿದ್ದರೆ ಹಾಳಾಗುತ್ತದೆ, ಅದಕ್ಕೇ ಬಾಟಲಿಗೆ ಫಾಯಿಲ್ ಸುತ್ತಿಡ್ತಾರೆ.

ಮನೆಯವರು ನೆನಪಿಡಬೇಕಾದ್ದು ಇಷ್ಟು. ಮಾತ್ರೆಯನ್ನು ಕುಳಿತೇ ಇಟ್ಟುಕೊಳ್ಳಿ. ಬಿಪಿ ಇಳಿದು ತಲೆ ಸುತ್ತಬಹುದು. ವಯಾಗ್ರಾದಂಥ ಸಿಲ್ಡೆನಾಫಿಲ್ ಮಾತ್ರೆ ತಗೊಂಡವರು ಇದನ್ನು ಇಡಲೇಬಾರದು, ಬಿಪಿ ಜೀವಕ್ಕೇ ಅಪಾಯ ಆಗುವಷ್ಟು ಕುಸಿಯಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನೋವು ಇಳಿಯದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಕಾರ್ಕಳದಿಂದ ಮಣಿಪಾಲ ಮುಟ್ಟೋಕೂ ಹೊತ್ತು ಬೇಕಲ್ಲ.