ಫರ್ಮಾನ ನಂಬಿಕೆಯನ್ನು ಮುರಿದ ಸಂಖ್ಯೆ

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧಕ್ಕೆ ಒಂದನ್ನು ಕೂಡಿಸಿದರೆ ದೊರೆಯುವ ಮಹಾಸಂಖ್ಯೆ 4,29,49,67,297. ಎರಡುಗಳ ಎಣಿಕೆಯನ್ನು ಒಂದರಿಂದ ತೊಡಗಿ ಪ್ರತಿಸಲವೂ ಇಮ್ಮಡಿಸುತ್ತ ಹೀಗೆಯೇ ಪಡೆಯುವ ಶ್ರೇಣಿಯಲ್ಲಿ ಇದರ ಪೂರ್ವಗಾಮಿಗಳಾದ 3, 5, 17, 257, 65,537 ಇವೆಲ್ಲವೂ ಅವಿಭಾಜ್ಯಗಳಾಗಿರುವುದನ್ನು ಕಂಡು, ಇದೂ ಹಾಗೆಯೇ ಇರತಕ್ಕದ್ದೆಂದು 1640ರಲ್ಲಿ ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಧಿಕಾರಿಯೂ ಗಣಿತಜ್ಞನೂ ಆದ ಫರ್ಮಾ ನಂಬಿದನು. ಆ ನಂಬಿಕೆ ಶತಮಾನದ ಸಮೀಪದವರೆಗೆ ಅಬಾಧಿತವಾಗಿ ಉಳಿದು, 1732ರಲ್ಲಿ ಗಣಿತಜ್ಞ ಆಯ್ಲರನ ಕೈಯಲ್ಲಿ ಮುರಿದುಬಿದ್ದಿತು. 641 ಈ ಮಹಾಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ, ಭಾಗಲಬ್ಧ 67,00,417. ಇದರ ಯಾವ ಅವಿಭಾಜ್ಯ ಭಾಜಕವನ್ನಾದರೂ 64ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕಾದುದರಿಂದ, ಸಿಕ್ಕಸಿಕ್ಕ ಸಂಖ್ಯೆಗಳನ್ನೆಲ್ಲ ಪರೀಕ್ಷಿಸುವ ಆಯಾಸವಿಲ್ಲ: 193, 257, 449, 577 ಇವು ಭಾಗಿಸದೆ ಹೋದ ಬಳಿಕ ಐದನೆಯದಾಗಿ 641 ತಾನೇ ಎದುರಾಗುತ್ತದೆ. ಇಷ್ಟು ಸಮೀಪದಲ್ಲಿದ್ದುದು ಫರ್ಮಾನಂಥ ಧೀಮಂತನ ದೃಷ್ಟಿಗೆ ಬೀಳದೆ ಹೋದುದು ನನಗೆ ಇಂದಿಗೂ ಸೋಜಿಗವೇ ಸರಿ. ಈ ಶ್ರೇಣಿಯಲ್ಲಿ 65,537ನ್ನು ಮೀರಿದ ಅವಿಭಾಜ್ಯವೊಂದು ಇದುವರೆಗೆ ಯಾರಿಗೂ ದೊರೆತಿಲ್ಲ.