ಲಿಫ್ಟ್ ಹತ್ತದವರೂ ರೊಕ್ಕ ಕೊಡಬೇಕೇನ್ರಿ?

ಸೊಲ್ಲಾಪುರ: ತಿಂಗಳ ಮೆಂಟೆನನ್ಸ್ ಬಿಲ್ ಬಂತೆಂದರೆ ಹೌಸಿಂಗ್ ಸೊಸೈಟಿಗಳಲ್ಲಿ ತಕರಾರು ಶುರು. ‘ನಮ್ಮದು ಕೆಳಗಿನ ಮನಿ, ಲಿಫ್ಟ್ ಹತ್ತಂಗಿಲ್ಲ, ರೊಕ್ಕ ಯಾಕ ಕೊಡಬೇಕ್ರಿ?’

ಕೊಡಲೇಬೇಕು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿ ಪ್ರಕಾರ ಲಿಫ್ಟ್ ಖರ್ಚು ಆ ಕಟ್ಟಡದ ಎಲ್ಲ ಸದಸ್ಯರಿಗೂ ಸಮಪಾಲು. ವಾಚಮನ್ ಪಗಾರ, ಕಾಮನ್ ಲೈಟು ಸೇರಿದ ಸೇವಾ ಶುಲ್ಕವೂ ಅಷ್ಟೇ. ಫ್ಲ್ಯಾಟ್ ದೊಡ್ಡದಿರಲಿ, ಸಣ್ಣದಿರಲಿ, ಒಂದೇ ದರ.

ಆದರೆ ಎಲ್ಲವೂ ಸಮ ಅಲ್ಲ. ನೀರಿನ ಖರ್ಚು ಮನೆಯ ನಳಗಳ ಸಂಖ್ಯೆ, ಅಳತೆ ನೋಡಿ. ಸಿಂಕಿಂಗ್ ಫಂಡ್ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25. ಬಾಡಿಗೆಗೆ ಕೊಟ್ಟವರಿಂದ ಪಡೆಯುವ ಹೆಚ್ಚುವರಿ ಹಣ ಸೇವಾ ಶುಲ್ಕದ ಶೇ. 10 ಮೀರಬಾರದೆಂದು ಸರ್ಕಾರ 2001ರಲ್ಲೇ ಆದೇಶಿಸಿದೆ.

ಬಿಲ್ಲಿನಲ್ಲಿ ಒಂದೇ ಮೊತ್ತ ಇದ್ದರೆ ಬಾಬುವಾರು ಲೆಕ್ಕ ಕೇಳಿರಿ. ಅರ್ಧ ಜಗಳ ಅಲ್ಲೇ ಮುಗಿದೀತು.