ಬೈಕು ಕೊಂಡಿರಿ, ಲೈಸೆನ್ಸು ಮಾಡಿಸಿದಿರಾ?

ಮುಂಜಾನೆ ಹಾಲಿನ ಡೇರಿಯ ಮುಂದೆ ನಿಂತು ನೋಡಿ. ಕ್ಯಾನು ಕಟ್ಟಿಕೊಂಡು ಬಂದ ಮೋಟಾರು ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಗೊಬ್ಬರ ತರಲು, ಮಾರುಕಟ್ಟೆಯಲ್ಲಿ ಧಾರಣೆ ವಿಚಾರಿಸಲು, ರಾತ್ರಿ ಕರೆಂಟು ಬಂದಾಗ ತೋಟಕ್ಕೆ ಓಡಿ ಪಂಪು ಹಾಕಲು ಈಗ ಅದೇ ಆಸರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ಸುಳಿ ನೋಡುವ ನಾವು, ಬೈಕು ಕೊಂಡ ಮೇಲೆ ಒಂದು ಕಾಗದವನ್ನು ಮಾತ್ರ ಮರೆಯುತ್ತೇವೆ. ಅದೇ ಚಾಲನಾ ಲೈಸೆನ್ಸು.

"ಹತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಊರು ಬಿಟ್ಟು ಆಚೆ ಹೋಗುವುದಿಲ್ಲ, ನನಗೇಕೆ ಲೈಸೆನ್ಸು?" ಎನ್ನುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. 1988ರ ಮೋಟಾರು ವಾಹನ ಕಾಯಿದೆಗೆ ಹಳ್ಳಿ ಪಟ್ಟಣವೆಂಬ ಭೇದವಿಲ್ಲ. ಸ್ವಂತ ಹೊಲದೊಳಗೆ ಓಡಿಸುವ ಮಾತು ಬೇರೆ. ಜನ ಓಡಾಡುವ ರಸ್ತೆಗೆ ಚಕ್ರ ಇಳಿಸಿದರೆ ಲೈಸೆನ್ಸು ಬೇಕೇ ಬೇಕು.

ದಂಡಕ್ಕಿಂತ ದೊಡ್ಡ ನಷ್ಟ

ಪೊಲೀಸರು ಹಿಡಿದರೆ ದಂಡ ಕಟ್ಟಿದರಾಯಿತು ಎಂದು ಕೆಲವರ ಲೆಕ್ಕ. ಆದರೆ ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಸಂಜೆ ಮಬ್ಬಿನಲ್ಲಿ ಬೈಕು ದಾರಿಹೋಕನೊಬ್ಬನಿಗೆ ತಗುಲಿ ಅವನು ತೀರಿಕೊಂಡ. ಅವನ ಮನೆಯವರು ಪರಿಹಾರಕ್ಕಾಗಿ ನ್ಯಾಯಮಂಡಳಿಗೆ ಹೋಗುತ್ತಾರೆ. ಪರಿಹಾರ ಲಕ್ಷಗಳಲ್ಲಿ ನಿರ್ಧಾರವಾಗುತ್ತದೆ. ಬೈಕಿಗೆ ವಿಮೆ ಇದೆ, ಆದರೆ ಓಡಿಸಿದವನಿಗೆ ಲೈಸೆನ್ಸಿಲ್ಲ. ಆಗ ಏನಾಗುತ್ತದೆ?

ಸ್ವರಣ್ ಸಿಂಗ್ ಪ್ರಕರಣವೆಂದು ಹೆಸರಾದ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿದೆ. ವಿಮಾ ಕಂಪನಿ ಮೊದಲು ನೊಂದವರಿಗೆ ಹಣ ಕೊಡಬೇಕಾಗಬಹುದು. ಆದರೆ ಲೈಸೆನ್ಸಿಲ್ಲದವರು ಓಡಿಸಲು ಮಾಲೀಕನೇ ಅವಕಾಶ ಕೊಟ್ಟಿದ್ದರೆ, ಆ ಹಣವನ್ನು ಅವನಿಂದ ವಸೂಲು ಮಾಡಿಕೊಳ್ಳಬಹುದು. ರೈತನ ಬಳಿ ವಸೂಲಾಗುವಂಥದ್ದು ಏನಿದೆ? ಅದೇ ಹೊಲ, ಅದೇ ತೋಟ.

ಇನ್ನೊಂದು ಮಾತು. ಬೈಕಿನ ಮಾಲೀಕನೇ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ ದೊರೆಯುವ ವೈಯಕ್ತಿಕ ಅಪಘಾತ ವಿಮೆ ಇದೆ. ಮಾಲೀಕನಿಗೆ ಚಾಲ್ತಿಯಲ್ಲಿರುವ ಲೈಸೆನ್ಸು ಇದ್ದರೆ ಮಾತ್ರ ಅದು ಸಲ್ಲುತ್ತದೆ.

ಮೊದಲ ಹೆಜ್ಜೆ: ಎಲ್.ಎಲ್.ಆರ್.

ಗೇರು ಇರುವ ಬೈಕಿಗೆ 18 ವರ್ಷ ತುಂಬಿರಬೇಕು. ಓದು ಬರಹ ಬಾರದವರೂ ಬೈಕಿನ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಶಾಲೆಯ ಸರ್ಟಿಫಿಕೇಟು ಇಲ್ಲವೆಂದು ಹಿಂಜರಿಯಬೇಕಾಗಿಲ್ಲ.

ಅರ್ಜಿಯನ್ನು ಕೇಂದ್ರ ಸಾರಿಗೆ ಇಲಾಖೆಯ 'ಸಾರಥಿ' ಜಾಲತಾಣದಲ್ಲಿ ಸಲ್ಲಿಸಬೇಕು. ಮನೆಯ ಓದಿದ ಮಕ್ಕಳೋ ಪಟ್ಟಣದ ಕಂಪ್ಯೂಟರ್ ಅಂಗಡಿಯವರೋ ತುಂಬಿಕೊಡಬಲ್ಲರು. ವಯಸ್ಸು ಮತ್ತು ವಿಳಾಸದ ದಾಖಲೆ ಬೇಕು. 40 ವರ್ಷ ದಾಟಿದವರು ನಮೂನೆ 1ಎ ಎಂಬ ವೈದ್ಯರ ಪ್ರಮಾಣಪತ್ರವನ್ನೂ ಸಿದ್ಧವಿಟ್ಟುಕೊಳ್ಳಿ. ಕೇಂದ್ರದ ನಿಯಮದಂತೆ ಎಲ್.ಎಲ್.ಆರ್.ಗೆ 150 ರೂಪಾಯಿ, ಅದರ ಪರೀಕ್ಷೆಗೆ 50. ಮುಂದೆ ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200. ಕಾರ್ಡಿನ ಮತ್ತು ಸೇವೆಯ ಶುಲ್ಕ ಬೇರೆ. ಕಟ್ಟಿದ ಹಣಕ್ಕೆಲ್ಲ ರಸೀದಿ ಕೇಳಿ ಪಡೆಯಿರಿ.

ಎಲ್.ಎಲ್.ಆರ್. ಪರೀಕ್ಷೆಯಲ್ಲಿ ರಸ್ತೆ ನಿಯಮ ಮತ್ತು ಚಿಹ್ನೆಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ಸುಲಭದ ಗುರುತು ಹೀಗಿದೆ: ಮುಕ್ಕೋನದ ಫಲಕ ಎಚ್ಚರಿಕೆ ಹೇಳುತ್ತದೆ, ದುಂಡು ಫಲಕ ಆಜ್ಞೆ ಮಾಡುತ್ತದೆ, ಚೌಕದ ಫಲಕ ಮಾಹಿತಿ ಕೊಡುತ್ತದೆ. ಈ ಮೂರನ್ನು ನೆನಪಿಟ್ಟರೆ ಅರ್ಧ ಪಾಠ ಮುಗಿದಂತೆ.

ಎಲ್.ಎಲ್.ಆರ್.ಗೆ 6 ತಿಂಗಳ ಆಯಸ್ಸು. ಕಲಿಯುವಾಗ ಬೈಕಿನ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರವಿರಬೇಕು. ಹಿಂದೆ ಕೂರಬಹುದಾದವರು ಲೈಸೆನ್ಸು ಉಳ್ಳ, ಕಲಿಸುವ ವ್ಯಕ್ತಿ ಮಾತ್ರ. ಮನೆಯಾಕೆಯನ್ನೋ ಗೊಬ್ಬರದಂಗಡಿಗೆ ಹೊರಟ ಗೆಳೆಯನನ್ನೋ ಕೂರಿಸಿಕೊಂಡು ಹೋಗುವಂತಿಲ್ಲ.

ಎರಡನೇ ಹೆಜ್ಜೆ: ಎಂಟರ ಪರೀಕ್ಷೆ

ಎಲ್.ಎಲ್.ಆರ್. ಸಿಕ್ಕಿ 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಆರು ತಿಂಗಳು ಮುಗಿಯುವವರೆಗೆ ಕಾಯುತ್ತ ಕೂರಬೇಡಿ. ಬೈಕಿನ ಜೊತೆ ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ ಮತ್ತು ಹೆಲ್ಮೆಟ್ಟು ಇರಲಿ.

ಪರೀಕ್ಷೆಯಲ್ಲಿ ಹಲವರು ಎಡವುವುದು ಎಂಟರ ಆಕಾರದ ಜಾಡಿನಲ್ಲಿ. ಕಾಲು ನೆಲಕ್ಕೆ ಊರದೆ ಸುತ್ತಿ ಬರಬೇಕು. ಇದಕ್ಕೆ ಹೊಲದಲ್ಲೇ ಅಭ್ಯಾಸ ಮಾಡಬಹುದು. ಕಟಾವಾದ ಹೊಲದಲ್ಲೋ ಕಣದಲ್ಲೋ ಸುಣ್ಣದ ಪುಡಿಯಿಂದ ಎಂಟು ಬರೆದುಕೊಳ್ಳಿ. ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ಬೇಕಾದಾಗ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗಬೇಕಾದ ತಿರುವಿನ ಕಡೆ ಇರಲಿ. ನೇಗಿಲು ಹೂಡಿದವನಿಗೆ ಇದು ಹೊಸದಲ್ಲ. ಸಾಲು ನೆಟ್ಟಗೆ ಬರಬೇಕಾದರೆ ನೋಟ ಹೊಲದ ಕೊನೆಯಲ್ಲಿರಬೇಕಲ್ಲವೆ?

ಕೈಸನ್ನೆಗಳನ್ನೂ ಕಲಿಯಿರಿ. ಬಲಕ್ಕೆ ತಿರುಗುವಾಗ ಬಲಗೈ ನೇರ ಚಾಚಬೇಕು. ನಿಧಾನಿಸುವಾಗ ಚಾಚಿದ ಕೈಯ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಬೇಕು.

ತಪ್ಪಿದರೆ ನಾಚಿಕೆ ಬೇಡ. 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ತಪ್ಪಿದರೆ ಮಾತ್ರ 60 ದಿನ ಕಾಯಬೇಕು.

ಟ್ರ್ಯಾಕ್ಟರಿನ ಲೈಸೆನ್ಸು ಸಾಲದು

ಟ್ರ್ಯಾಕ್ಟರು ಓಡಿಸುವ ಲೈಸೆನ್ಸು ಇದೆ, ಬೈಕಿಗೂ ಅದೇ ಸಾಕು ಎಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಬೈಕಿನದು ಬೇರೆ ವರ್ಗ. ಇರುವ ಲೈಸೆನ್ಸಿಗೆ ಅದನ್ನು ಸೇರಿಸಿಕೊಳ್ಳಬೇಕು. ಹಾಗೆಯೇ ಗೇರಿಲ್ಲದ ಸ್ಕೂಟರಿನ ಲೈಸೆನ್ಸಿನಲ್ಲಿ ಗೇರಿನ ಬೈಕು ಓಡಿಸುವಂತಿಲ್ಲ.

30 ವರ್ಷದೊಳಗೆ ಲೈಸೆನ್ಸು ಪಡೆದರೆ ಅದು 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ನಡುವೆ ಪಡೆದರೆ 10 ವರ್ಷ. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆ ಕೊಡಬೇಕು. ಹಳೆಯ ಲೈಸೆನ್ಸು ಪೆಟ್ಟಿಗೆಯಲ್ಲಿದ್ದರೆ ಇಂದೇ ತೆಗೆದು ತಾರೀಖು ನೋಡಿ.

ಹುಡುಗರ ಕೈಗೆ ಕೀಲಿ ಬೇಡ

ಹೈಸ್ಕೂಲು ಹುಡುಗನ ಕೈಗೆ ಬೈಕು ಕೊಟ್ಟು ಬುತ್ತಿ ಕಳಿಸುವುದು ಹಳ್ಳಿಯಲ್ಲಿ ಸಾಮಾನ್ಯ. 2019ರ ತಿದ್ದುಪಡಿಯ ನಂತರ ಇದು ಭಾರೀ ಅಪರಾಧ. ಹುಡುಗ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಬೈಕಿನ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ಬುತ್ತಿ ಅರ್ಧ ಗಂಟೆ ತಡವಾಗಿ ಬಂದರೆ ನಷ್ಟವೇನಿಲ್ಲ.

ಲೈಸೆನ್ಸು ಬಂದ ಮೇಲೂ ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಧರಿಸಿ, ಪಟ್ಟಿ ಬಿಗಿದೇ ಹೊರಡಿ. ಹಿಂದೆ ಕೂತವರಿಗೂ ಅದು ಕಡ್ಡಾಯ.

ಮಳೆ ಸುರಿದು ಮಣ್ಣು ಕೊಚ್ಚಿಹೋದ ಮೇಲೆ ಬದು ಹಾಕಿ ಫಲವಿಲ್ಲ. ಲೈಸೆನ್ಸೂ ಹಾಗೆಯೇ. ಸುಗ್ಗಿ ಮುಗಿದು ಕೈ ಬಿಡುವಾಗಿರುವ ದಿನಗಳಲ್ಲಿ ಒಂದು ಅರ್ಜಿ ಹಾಕಿಬಿಡಿ. ಒಂದು ತಿಂಗಳ ಅಭ್ಯಾಸ, ಕಚೇರಿಗೆ ಒಂದೆರಡು ದಿನದ ಓಡಾಟ, ಇಷ್ಟರಲ್ಲಿ ನಿಮ್ಮ ಹೊಲಕ್ಕೆ ಇನ್ನೊಂದು ಬದು ಹಾಕಿದಂತಾಗುತ್ತದೆ.